ಮೂವತ್ತೇಳನೆಯ ಬಾಕಿ ಕೆಲಸ

ನಮ್ಮ ಹೊಸ ಮನೆಯ ಹಜಾರದಲ್ಲಿ, ದಿನಪತ್ರಿಕೆ ಹಿಡಿದು ನಾನು ಕೂರುವ ಕುರ್ಚಿಗೆ ನೇರ ಎದುರಾಗಿ ಒಂದು ಸ್ವಿಚ್ ಬೋರ್ಡು ಇದೆ. ಅದು ಎಡಕ್ಕೆ ಒಂದು ಎಳ್ಳುಕಾಳಿನಷ್ಟು ವಾಲಿದೆ. ನೀವು ಬಂದು ನೋಡಿದರೆ ನಿಮಗದು ಕಾಣಲಿಕ್ಕಿಲ್ಲ. ನನ್ನ ಹೆಂಡತಿ ವಿಮಲೆಗಂತೂ ಬೆರಳಿಟ್ಟು ತೋರಿಸಿದರೂ ಕಂಡಿಲ್ಲ; ಸ್ವಿಚ್ ಒತ್ತಿದರೆ ದೀಪ ಹತ್ತುತ್ತದಲ್ಲ, ಇನ್ನೇನು ಅದಕ್ಕೆ ಆರತಿ ಎತ್ತಬೇಕೆ ಎಂಬುದು ಅವಳ ಸೌಂದರ್ಯಮೀಮಾಂಸೆ. ಆದರೆ ಮಾಗಡಿಯಲ್ಲಿ ಕೆಲವು ಕಾಲ, ಕನಕಪುರದಲ್ಲಿ ಕೆಲವು ಕಾಲ, ಕೊನೆಗೆ ನಿವೃತ್ತನಾಗುವವರೆಗೂ ಚನ್ನಪಟ್ಟಣದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು, ನೆಟ್ಟಗೆ ಒಂದು ಗೆರೆ ಎಳೆಯುವುದನ್ನು ಎರಡು ತಲೆಮಾರಿನ ಮಕ್ಕಳಿಗೆ ಕಲಿಸಲು ಹೆಣಗಿ ಸೋತ ನನ್ನಂಥವನಿಗೆ ಆ ಬೋರ್ಡು ಬೆಳಗಿನ ಕಾಫಿಯನ್ನೇ ಕಹಿ ಮಾಡಬಲ್ಲದು. ಮನೆಗೆ ಬಂದು ಎರಡು ತಿಂಗಳಾದರೂ ಒಂದು ದಿನವೂ ನಾನು ಪತ್ರಿಕೆಯ ಎರಡನೆಯ ಪುಟಕ್ಕೆ ಹೋದದ್ದಿಲ್ಲ.

ಮನೆ ಕಟ್ಟುವವರ ಲೋಕದಲ್ಲಿ 'ಫಿನಿಷಿಂಗ್' ಎಂಬ ಒಂದು ಮಾಯಾಪದವಿದೆ. ಪಾಯ ತೋಡಿದ್ದು ಕಣ್ಣಿಗೆ ಕಾಣುತ್ತದೆ, ಗೋಡೆ ಎದ್ದದ್ದು ಕಾಣುತ್ತದೆ, ತಾರಸಿಗೆ ಮೋಲ್ಡಿಂಗ್ ಹಾಕಿದ ದಿನವಂತೂ ಊರಿಗೆಲ್ಲ ಊಟ. ಆದರೆ ಫಿನಿಷಿಂಗ್ ಎಂಬುದು ಎಂದೂ ಆಗುವುದಿಲ್ಲ, ಸದಾಕಾಲ ಆಗಲಿರುತ್ತದೆ. 'ಎಲ್ಲಾ ಮುಗೀತು, ಫಿನಿಷಿಂಗ್ ಒಂದೇ ಬಾಕಿ' ಎಂದು ಯಾರಾದರೂ ನಿಮಗೆ ಹೇಳಿದರೆ, ದಯವಿಟ್ಟು ಸಂತೋಷಪಡಬೇಡಿ. ಬಾಗಿಲು ಇದೆ, ಅದು ಚೌಕಟ್ಟಿಗೆ ಕೂರುವುದಿಲ್ಲ. ನಲ್ಲಿ ಇದೆ, ಅದರ ಕೆಳಗಿನ ಸಂದಿಯಿಂದಲೂ ನೀರು ಬರುತ್ತದೆ. ಗೋಡೆಗೆ ಬಳಿದ ಬಣ್ಣ ಗೋಡೆಯನ್ನು ಬಿಟ್ಟು ನೆಲ, ಕಿಟಕಿ, ಗಾಜು, ಕೊನೆಗೆ ಅಂಗಳದ ತುಳಸಿಯ ಮೇಲೂ ಇದೆ ಎಂಬುದೇ ಆ ಮಾತಿನ ತಾತ್ಪರ್ಯ. ಇಷ್ಟನ್ನೂ ಮಾಡಿದವರು ತಮ್ಮ ಕೈಚಳಕವನ್ನು ತಾವೇ ತಲೆ ಓರೆ ಮಾಡಿ ನೋಡಿ, ಒಂದು ಸಣ್ಣ ಟಚಪ್ ಕೊಟ್ಟರೆ ಅರಮನೆ ಆಗಿಬಿಡುತ್ತದೆ ಎಂದು ಹೇಳಿ ಬೈಕು ಹತ್ತುತ್ತಾರೆ.

ಮನೆ ನನ್ನದು ಎಂದು ಬೀಗುತ್ತಿದ್ದೇನಲ್ಲ, ಅದು ಎದ್ದಿರುವ ಜಾಗ ನಮ್ಮಕ್ಕನದು. ರಾಮನಗರದ ಹೊರಬಡಾವಣೆಯ ಈ ನಿವೇಶನವನ್ನು ಭಾವ ತೀರಿಹೋಗುವ ಮುಂಚೆ ಅವಳ ಹೆಸರಿಗೆ ಬರೆದಿದ್ದರು. ಮಕ್ಕಳಿಲ್ಲದ ಅಕ್ಕ ನನ್ನ ಜೊತೆ ಇದೇ ಊರಿನ ಬಾಡಿಗೆ ಮನೆಯಲ್ಲಿ ಹದಿನಾರು ವರ್ಷ ಕಳೆದು, ನಾನು ನಿವೃತ್ತನಾದ ವಾರವೇ 'ಅಲ್ಲೊಂದು ಮನೆ ಕಟ್ಟು' ಎಂದು ಕಾಗದಪತ್ರವನ್ನೆಲ್ಲ ನನ್ನ ಕೈಗಿಟ್ಟಳು. ಪ್ರತಿಯಾಗಿ ಅವಳು ಕೇಳಿದ್ದು ಒಂದೇ ಒಂದು. ಹಿಂದೊಮ್ಮೆ ನೆಂಟರ ಮದುವೆಯಲ್ಲಿ ಛತ್ರದ ಹೊಳೆಯುವ ನೆಲದ ಮೇಲೆ ಜಾರಿ ಬಿದ್ದು ಬಲಗೈ ಮುಂಗೈ ಮುರಿದುಕೊಂಡಿದ್ದಳು. ಮೂಳೆ ಕೂಡಿತು, ಭಯ ಹೋಗಲಿಲ್ಲ. ನಾನು ಮನೆಯ ನಕ್ಷೆ ಬರೆದು, ಬಣ್ಣ ತುಂಬಿ, ಕಿಟಕಿಗೆ ನೆರಳೂ ಕೊಟ್ಟು ತೋರಿಸಿದಾಗ ಅವಳು ಅದನ್ನು ಒಂದು ಗಳಿಗೆ ದೂರ ಹಿಡಿದು ನೋಡಿ, "ಚೆಂದಾಗೈತೆ. ನನ್ನ ಬಚ್ಚಲು ಮಾತ್ರ ಜಾರದಂಗಿರ್ಲಿ ಕಣೋ" ಎಂದಳು. ಎಪ್ಪತ್ತನಾಲ್ಕರ ಹೆಂಗಸು ತನ್ನ ಸ್ವಂತ ಜಾಗದಲ್ಲಿ ಕಟ್ಟುವ ಮನೆಗೆ ಇಟ್ಟ ಷರತ್ತು ಅಷ್ಟೇ.

ನಾನೇನು ಮಾಡಿದೆ ಎಂಬುದನ್ನು ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ. ಕನಕಪುರದ ನನ್ನ ಷಡ್ಡಕನ ಮನೆಯ ಬಚ್ಚಲಿಗೆ ಕನ್ನಡಿಯಂಥ ಟೈಲ್ಸ್ ಹಾಕಿದ್ದರು; ಆ ಮನುಷ್ಯ ಬಂದವರಿಗೆಲ್ಲ ದೇವರ ಮನೆಗಿಂತ ಮೊದಲು ಅದನ್ನೇ ತೋರಿಸುತ್ತಿದ್ದ. ಅವನಿಗಿಂತ ನನ್ನ ಕಲಾಭಿರುಚಿ ಒಂದು ಗುಲಗಂಜಿಯಷ್ಟಾದರೂ ಮೇಲಿರಬೇಡವೆ? ತಿಳಿನೀಲಿಯ, ಮುಖ ನೋಡಿಕೊಂಡು ತಲೆ ಬಾಚಬಹುದಾದಷ್ಟು ನುಣುಪಾದ ಟೈಲ್ಸನ್ನು ಮೂರೂ ಬಚ್ಚಲಿಗೆ ಆರಿಸಿದೆ. ಬಚ್ಚಲಿಗೆ ಇಷ್ಟು ನುಣುಪು ಬೇಡ ಎಂದು ಮೇಸ್ತ್ರಿ ಗೊಣಗಿದರು. ಗಾರೆ ಕಲಸುವವರಿಗೆ ವರ್ಣಸಾಂಗತ್ಯ ಹೇಗೆ ತಿಳಿಯಬೇಕು ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡು, ಬಾಯಲ್ಲೂ ಹೆಚ್ಚುಕಡಿಮೆ ಅದನ್ನೇ ಅಂದೆ. ಅಕ್ಕ ಬಂದು ಟೈಲ್ಸಿನ ಮೇಲೆ ಅಂಗೈ ಆಡಿಸಿ ಹೋದಳು. ಅವಳಿಗೂ ಮೆಚ್ಚುಗೆಯಾಯಿತು ಎಂದೇ ನಾನು ತಿಳಿದೆ.

ಮೇಸ್ತ್ರಿ ಕೆಂಪಯ್ಯನವರು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯವರು. ಕೆಲಸ ಅರ್ಧ ಮುಗಿದಿತ್ತು, ಅಥವಾ ಅವರ ಭಾಷೆಯಲ್ಲಿ ಪೂರ್ತಿ ಮುಗಿದು ಫಿನಿಷಿಂಗ್ ಒಂದೇ ಬಾಕಿ ಇತ್ತು. ಅಷ್ಟರಲ್ಲಿ ಆಷಾಢ ಹತ್ತಿರ ಬಂತು. ಆಷಾಢದಲ್ಲಿ ಗೃಹಪ್ರವೇಶ ಕೂಡದು, ಶ್ರಾವಣದವರೆಗೆ ಕಾದರೆ ಯಾರದೋ ನಕ್ಷತ್ರಕ್ಕೆ ಹೊಂದದು ಎಂದು ಪುರೋಹಿತರು ಜ್ಯೇಷ್ಠದ ಕೊನೆಯ ವಾರದಲ್ಲಿ ಒಂದು ಮುಹೂರ್ತವನ್ನು ಹಿಂಡಿ ತೆಗೆದರು. ಹಾಲು ಉಕ್ಕಿತು, ಹೊಗೆ ತುಂಬಿತು, ಕೂರದ ಬಾಗಿಲಿಗೂ ತೋರಣ ಕಟ್ಟಿದೆವು. ಕೊನೆಯಲ್ಲಿ ನಮ್ಮ ಕಡೆಯ ಪದ್ಧತಿಯಂತೆ ಕೆಂಪಯ್ಯನವರನ್ನು ಮಣೆಯ ಮೇಲೆ ಕೂರಿಸಿ, ಅಂಚಿನ ಪಂಚೆ, ಶಲ್ಯ, ಅವರ ಹೆಂಡತಿಗೊಂದು ಸೀರೆ, ಎಲೆ ಅಡಿಕೆ, ಎಲ್ಲವನ್ನೂ ತಟ್ಟೆಯಲ್ಲಿಟ್ಟು ಕೊಟ್ಟು ಕೈಮುಗಿದೆ. ಅವರ ಕಣ್ಣು ತುಂಬಿತು, ನನ್ನದೂ ತುಂಬಿತು. ನನ್ನ ಬದುಕಿನ ಮಹಾಮೂರ್ಖತನಗಳ ಯಾದಿಯಲ್ಲಿ ಆ ಕೈಮುಗಿದದ್ದಕ್ಕೆ ಮೇಲಿನ ಸ್ಥಾನವಿದೆ.

ಮಾರನೆಯ ದಿನವೇ ಹೊಸದೊಂದು ಡ್ರಾಯಿಂಗ್ ಪುಸ್ತಕ ತೆಗೆದು ಬಾಕಿ ಕೆಲಸಗಳ ಪಟ್ಟಿಗೆ ಕೂತೆ. ಇತರರಾದರೆ ಚೀಟಿಯ ಹಿಂದೆ ನಾಲ್ಕು ಸಾಲು ಗೀಚಿಯಾರು. ನಾನು ಪ್ರತಿ ದೋಷಕ್ಕೂ ಒಂದು ಚಿತ್ರ ಬರೆದೆ. ವಾಲಿದ ಬೋರ್ಡನ್ನು ತೂಗುಗುಂಡಿನ ದಾರದ ಪಕ್ಕದಲ್ಲಿಟ್ಟು ಬರೆದೆ, ಸಂದಿ ಬಿಟ್ಟ ಬಾಗಿಲಿಗೆ ಛಾಯೆ ಕೊಟ್ಟೆ, ಗೋಡೆಯ ಬಿರುಕನ್ನಂತೂ ಮೇಲಿನ ಉಪನದಿಗಳ ಸಮೇತ ಕಾವೇರಿಯ ನಕ್ಷೆಯಂತೆ ಚಿತ್ರಿಸಿದೆ. ಒಟ್ಟು ನಲವತ್ತೊಂದು ಕಲಮುಗಳು. ಅವುಗಳಿಗೊಂದು ಕ್ರಮ ಬೇಕಲ್ಲ? ಬಂದ ಅತಿಥಿಯ ಕಣ್ಣು ಚಲಿಸುವ ಮಾರ್ಗವೇ ಕ್ರಮ ಎಂದು ನಿರ್ಧರಿಸಿ, ಗೇಟಿನಿಂದ ಹೊರಟು, ಜಗಲಿ, ಹಜಾರ, ದೇವರ ಮನೆ, ಅಡಿಗೆ ಮನೆ ಎಂದು ಸಾಗಿ, ಯಾವ ಅತಿಥಿಯೂ ಇಣುಕದ, ಹಿತ್ತಿಲ ಕಡೆಯ ಅಕ್ಕನ ಕೋಣೆಗೆ ಕೊನೆಯಲ್ಲಿ ಬಂದೆ. 'ಅಕ್ಕನ ಬಚ್ಚಲು: ನೆಲಕ್ಕೆ ವಾಟ ಸಾಲದು, ನೀರು ನಿಲ್ಲುತ್ತದೆ' ಎಂಬುದು ಮೂವತ್ತೇಳನೆಯದಾಗಿ ಬಿತ್ತು. ನೀರು ತಾನಾಗಿ ಹರಿದುಹೋಗಲೆಂದು ನೆಲಕ್ಕೆ ಕೊಡುವ ಇಳಿಜಾರೇ ವಾಟ. ನುಣುಪು ನೆಲದ ಮೇಲೆ ನೀರು ನಿಂತರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಊಟದ ಹೊತ್ತಿನಲ್ಲಿ ಇಡೀ ಪಟ್ಟಿಯನ್ನು ಮನೆಯವರ ಮುಂದೆ ಅಭಿನಯಪೂರ್ವಕ ಓದಿದೆ. ಅಕ್ಕ ಕೊನೆಯವರೆಗೂ ಕೂತು ಕೇಳಿದಳು.

ಪಟ್ಟಿ ಸಿದ್ಧವಾಯಿತು, ಮೇಸ್ತ್ರಿಗೆ ಫೋನ್ ಮಾಡಿದೆ. ಮಾಯವಾಗುವ ಮೇಸ್ತ್ರಿಗಳ ಕಥೆಯನ್ನು ನೀವು ಬೇಕಾದಷ್ಟು ಕೇಳಿರಬಹುದು; ನನ್ನ ಗ್ರಹಚಾರ ಅದಕ್ಕಿಂತ ಸೂಕ್ಷ್ಮವಾದದ್ದು. ಕೆಂಪಯ್ಯನವರು ಕರೆದಾಗಲೆಲ್ಲ ಬಂದರು. ಆದರೆ ನಾನು ಕೊಟ್ಟ ಅಂಚಿನ ಪಂಚೆ ಉಟ್ಟು, ಶಲ್ಯ ಹೊದ್ದು, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದರು. ಸೋಫಾದ ಮೇಲೆ ಕೂತು, ಕಾಫಿ ಕುಡಿದು, ಅಕ್ಕನ ಮಂಡಿನೋವು ವಿಚಾರಿಸಿ, ವಿಮಲೆಯ ಉಪ್ಪಿಟ್ಟನ್ನು ಹೊಗಳಿದರು. ನಾನು ಪಟ್ಟಿ ಬಿಡಿಸಿ ಹಿಡಿದರೆ, ಬಹಳ ಚೆನ್ನಾಗಿ ಬರೆದಿದ್ದೀರಿ ಎಂದು ಬಿರುಕಿನ ಚಿತ್ರವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಸೋಲೂರಿನಲ್ಲಿದ್ದ ತಮ್ಮ ಅಳಿಯನಿಗೆ ಕಳಿಸಿದರು. ಮೂರನೆಯ ಭೇಟಿಯಲ್ಲಿ ನನ್ನ ಸಹನೆ ಕೆಟ್ಟು, ಗಾರೆ ಕರಣೆ ಯಾವಾಗ ತರುತ್ತೀರಿ ಎಂದು ಕೇಳಿಯೇಬಿಟ್ಟೆ. ಅವರು ಮಗುವಿಗೆ ಬುದ್ಧಿ ಹೇಳುವ ಮೆಲುದನಿಯಲ್ಲಿ, "ಮರ್ವಾದೆ ಈಸ್ಕೊಂಡ ಮನೇಲಿ ತಿರ್ಗಾ ಕರಣೆ ಇಡಿಯಾದು ನಮ್ ಕಡೆ ಇಲ್ಲ ಮೇಷ್ಟ್ರೆ. ಬಟ್ಟೆ ಕೊಟ್ಟು ಕೈಮುಗುದ್ರಿ, ಅಲ್ಲಿಗೆ ಆ ಕೆಲ್ಸ ಮುಗೀತು. ನೆಂಟ ಅಂತ ಕರೀರಿ, ಯಾವಾಗ್ ಬೇಕಾದ್ರೂ ಬತ್ತೀನಿ" ಎಂದರು. ಕೆಲಸ ಮಾಡದಿರಲು ಮನುಷ್ಯರು ಹೂಡುವ ನೆಪಗಳನ್ನು ನಾನು ಶಾಲೆಯಲ್ಲಿ ಸಾಕಷ್ಟು ಕಂಡವನೇ. ಸಂಪ್ರದಾಯವೇ ಬಂದು ಸೋಮಾರಿತನಕ್ಕೆ ಶಲ್ಯ ಹೊದಿಸಿದ್ದನ್ನು ಕಂಡದ್ದು ಅದೇ ಮೊದಲು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ನೆಲವನ್ನೂ ಡೊಂಕು ಮಾಡಿ, ಕುಣಿಯುವುದು ಶಾಸ್ತ್ರಕ್ಕೆ ವಿರುದ್ಧ ಎಂದರು.

ಇನ್ನು ಮನೆ ನೋಡಲು ಬರುವ ಬಂಧುಬಾಂಧವರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಈಗ ತಾನೇ ತಮಗೆ ಹೊಳೆದಂತೆ ಹೇಳದೆ ಹೊಸ್ತಿಲು ದಾಟಿದ ಒಬ್ಬನೂ ಇಲ್ಲ. ನಾನು ಪುಸ್ತಕ ಹಿಡಿದು ಅವರಿಗೆ ದೋಷದರ್ಶನ ಮಾಡಿಸುತ್ತಿದ್ದೆ. ಅವರೋ, ನಾನು ತೋರಿಸಿದ್ದನ್ನು ಬಿಟ್ಟು, ನಾನು ಕಾಣದ ಎರಡನ್ನು ಹುಡುಕಿ ತೃಪ್ತರಾಗಿ ಹೋಗುತ್ತಿದ್ದರು. ಷಡ್ಡಕ ಬಂದು ಮೂರೂ ಬಚ್ಚಲುಗಳನ್ನು ನೋಡಿ ಏನೂ ಹೇಳದೆ ಹೋದ ದಿನ ನನಗೆ ಹಬ್ಬ. ಅವನ ಹೊಟ್ಟೆಕಿಚ್ಚಿನ ಮೇಲೆ ಒಂದು ವಾರ ಸುಖವಾಗಿ ನಿದ್ದೆ ಮಾಡಿದೆ.

ಇಷ್ಟರ ನಡುವೆ ನಲವತ್ತೊಂದರಲ್ಲಿ ಒಂದು ದೋಷ ತಾನೇತಾನಾಗಿ ಸರಿಹೋದಂತೆ ಕಂಡಿತು. ನಾನು ದಿನಾ ಬೆಳಿಗ್ಗೆ ಪುಸ್ತಕ ಹಿಡಿದು ಮನೆಯೆಲ್ಲ ಸುತ್ತುವವನು. ಅಕ್ಕನ ಬಚ್ಚಲಿಗೆ ಯಾವಾಗ ಇಣುಕಿದರೂ ನೆಲ ಒಣಗಿ ಗರಿಗರಿಯಾಗಿರುತ್ತಿತ್ತು, ನೀಲಿ ಟೈಲ್ಸಿನ ಮೇಲೆ ಒಂದು ಕಲೆ ಕೂಡ ಇಲ್ಲ. ನೀರು ಎಲ್ಲೋ ದಾರಿ ಕಂಡುಕೊಂಡಿರಬೇಕು, ಸಿಮೆಂಟು ಎಳೆದುಕೊಂಡಿರಬೇಕು ಎಂದು ನನ್ನ ಭೌತಶಾಸ್ತ್ರ ತೀರ್ಮಾನಿಸಿತು. ಮೂವತ್ತೇಳರ ಮುಂದೆ ಪೆನ್ಸಿಲಿನಲ್ಲಿ 'ಪರವಾಗಿಲ್ಲ' ಎಂದು ಬರೆದೆ. ಅಕ್ಕನಂತೂ ನಾವು ಏಳುವಷ್ಟರಲ್ಲಿ ಹೂ ಕೊಯ್ಯಲೆಂದು ಚೀಲ ಹಿಡಿದು ಹೋಗಿರುತ್ತಿದ್ದಳು. ಬರುವಾಗ ಹೂವೂ ಇರುತ್ತಿತ್ತು, ಮಡಿಯಾಗಿ ವಿಭೂತಿ ಇಟ್ಟುಕೊಂಡೂ ಇರುತ್ತಿದ್ದಳು. ಇಷ್ಟು ಬೇಗ ಎದ್ದು ಸ್ನಾನ ಮುಗಿಸುವ ಈ ವಯಸ್ಸಿನ ಶಿಸ್ತನ್ನು ನೋಡಿ ಕಲಿ ಎಂದು ನಾನು ವಿಮಲೆಗೆ ಉಪದೇಶವನ್ನೂ ಮಾಡಿದೆ. ಎಳ್ಳುಕಾಳಿನಷ್ಟು ವಾಲಿದ ಬೋರ್ಡನ್ನು ಹತ್ತಡಿ ದೂರದಿಂದ ಹಿಡಿಯುವ ಕಣ್ಣು ನನ್ನದು.

ಒಂದು ಬೆಳಿಗ್ಗೆ ನಾವು ಬಿಟ್ಟುಬಂದ ಬಾಡಿಗೆ ಮನೆಗೆ ಹೋಗಬೇಕಾಯಿತು. ಪಿಂಚಣಿ ಕಚೇರಿಯ ಒಂದು ಪತ್ರ ಹಳೆಯ ವಿಳಾಸಕ್ಕೆ ಬಂದಿದೆಯೆಂದು ಅಂಚೆಯವನು ಹೇಳಿದ್ದ. ಎರಡೇ ಬೀದಿ ಆಚೆ. ಅಲ್ಲೀಗ ರೇಷ್ಮೆ ನೂಲು ತೆಗೆಯುವ ಕುಟುಂಬವೊಂದು ಬಂದು ಸೇರಿದೆ. ಆ ಮನೆಯಾಕೆ ನಸೀಮಾ ಪತ್ರ ತರಲು ಒಳಗೆ ಹೋದಳು. ನಾನು ಅಂಗಳದಲ್ಲಿ ನಿಂತು, ಅಭ್ಯಾಸಬಲದಿಂದ ಅವರ ಗೋಡೆಯ ದೋಷಗಳನ್ನು ಎಣಿಸುತ್ತಿದ್ದವನು ತಂತಿಯ ಮೇಲೆ ಒಣಹಾಕಿದ್ದ ಒಂದು ಸೀರೆಯನ್ನು ನೋಡಿದೆ. ಬೂದುಬಣ್ಣ, ಕೆಂಪು ಅಂಚು, ಸೆರಗಿನ ಹತ್ತಿರ ವಿಮಲೆ ಹಾಕಿದ ಹೊಲಿಗೆ. ಅಕ್ಕನ ಸೀರೆ. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ನಸೀಮಾ ಸಹಜವಾಗಿ, "ಅಮ್ಮ ಈಗಷ್ಟೇ ಸ್ನಾನ ಮಾಡ್ಕೊಂಡು ಹೋದ್ರು ಮೇಷ್ಟ್ರೇ. ದಿನಾ ಬರ್ತಾರಲ್ಲ. ಅಲ್ಲಿ ಕಾಲು ನಿಲ್ಲಲ್ವಂತೆ, ಇಲ್ಲಿ ಕಲ್ಲು ಐತಲ್ಲ" ಎಂದವಳು, ನನ್ನ ಮುಖ ನೋಡಿ ದನಿ ತಗ್ಗಿಸಿ, "ನಿಮ್ಗೆ ಗೊತ್ತಿಲ್ವಾ?" ಎಂದಳು. ಹೊಸ ಮನೆಗೆ ಬಂದಾಗ ಅಕ್ಕ ಎರಡೇ ದಿನ ಅಲ್ಲಿ ಸ್ನಾನ ಮಾಡಿದಳಂತೆ, ಎರಡನೆಯ ದಿನ ಕಾಲು ಜಾರಿ ನಲ್ಲಿ ಹಿಡಿದುಕೊಂಡು ಉಳಿದಳಂತೆ. ಅಲ್ಲಿಂದಾಚೆ ಎರಡು ತಿಂಗಳಿಂದ, ಸ್ವಂತ ಜಾಗದಲ್ಲಿ ಸ್ವಂತ ಮನೆಯಿರುವ ನಮ್ಮಕ್ಕ ಚೀಲದಲ್ಲಿ ಸೀರೆ ಮುಚ್ಚಿಟ್ಟುಕೊಂಡು, ಬೇರೆಯವರ ಮನೆಯ ಬಚ್ಚಲಿಗೆ ಬರುತ್ತಿದ್ದಳು. ಪತ್ರವನ್ನು ಈಸಿಕೊಂಡೆನೋ ಬಿಟ್ಟೆನೋ ನೆನಪಿಲ್ಲ.

ಮನೆಗೆ ಬಂದಾಗ ಅಕ್ಕ ಹೂ ಕಟ್ಟುತ್ತಾ ಕೂತಿದ್ದಳು. ನನಗೆ ದುಃಖಕ್ಕಿಂತ ಮೊದಲು ಸಿಟ್ಟೇ ಬಂತು. ಅವಮಾನವಾದಾಗ ನನಗೆ ಬರುವುದು ಅದೇ. ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತೆ, ಊರಿನವರ ಮುಂದೆ ನನ್ನ ಮಾನ ಏನಾಗಬೇಕು ಎಂದೆಲ್ಲ ಕೂಗಾಡಿದೆ. ಅವಳು ಗಂಟು ಹಾಕುತ್ತಿದ್ದ ಎಳೆಯನ್ನು ಪೂರ್ತಿ ಬಿಗಿದು, ತಲೆಯೆತ್ತಿ, ಯಾವ ವ್ಯಂಗ್ಯವೂ ಇಲ್ಲದೆ ಹೇಳಿದಳು: "ನಂದೂ ಬರ್ದಿದ್ದೀಯಲ್ಲೋ ಪಟ್ಟೀಲಿ, ಮೂವತ್ತೇಳನೇದು. ಸರ್ತಿ ಬರ್ಲಿ ಅಂತಿದ್ದೆ."

ವ್ಯಂಗ್ಯವಾಡಿದ್ದರೆ ತಡೆದುಕೊಳ್ಳುತ್ತಿದ್ದೆ, ಅದು ನನ್ನ ಸ್ವಂತ ಭಾಷೆ. ಅವಳು ನಿಜವಾಗಿಯೂ ಸರತಿ ಕಾಯುತ್ತಿದ್ದಳು. ನಾನು ಒಳಗೆ ಹೋಗಿ ಪುಸ್ತಕ ತೆಗೆದು ನೋಡಿದೆ: ಮೊದಲ ಪುಟದಲ್ಲಿ ಗೇಟಿನ ಮೇಲಿನ ಬಣ್ಣದ ತೊಟ್ಟು, ಎರಡನೆಯದರಲ್ಲಿ ಜಗಲಿಯ ಕಂಬದ ಗೆರೆ, ಅದಾದ ಮೇಲೆ ಆ ಬೋರ್ಡು. ಮೂವತ್ತಾರು ಚಿತ್ರಗಳು, ಒಂದಕ್ಕಿಂತ ಒಂದು ಸುಂದರ, ಮೂವತ್ತಾರೂ ಬಂದುಹೋಗುವವರ ಕಣ್ಣಿಗಾಗಿ. ಹೊರಗೆ ಥಳಕು ಒಳಗೆ ಹುಳುಕು ಎಂಬ ಮಾತನ್ನು ಆವತ್ತಿನವರೆಗೂ ನಾನು ಬೇರೆಯವರಿಗೆ ಮಾತ್ರ ಬಳಸಿದ್ದೆ.

ಕೆಂಪಯ್ಯನವರಿಗೆ ಫೋನ್ ಮಾಡಿದೆ. ಯಥಾಪ್ರಕಾರ ಅಂಚಿನ ಪಂಚೆಯಲ್ಲಿ ಬಂದರು. ಸೋಫಾ ತೋರಿಸದೆ ನೇರ ಅಕ್ಕನ ಬಚ್ಚಲಿಗೆ ಕರೆದುಕೊಂಡು ಹೋಗಿ, ನಡೆದದ್ದನ್ನೆಲ್ಲ ಹೇಳಿದೆ. ಅವರು ಪಂಚೆ ಮೇಲಕ್ಕೆ ಕಟ್ಟಿ, ಒಂದು ಚೊಂಬು ನೀರು ಸುರಿದು, ಅದು ಹರಿಯದೆ ನಡುವೆ ನಿಂತದ್ದನ್ನು ಬಹಳ ಹೊತ್ತು ನೋಡಿದರು. ಬಾಕಿ ಕೆಲಸಕ್ಕೆ ತಾವು ಕೈಹಚ್ಚುವಂತಿಲ್ಲ, ಅದು ಮರ್ಯಾದೆಯೊಂದಿಗೆ ಮುಗಿದುಹೋಯಿತು; ಆದರೆ ಹೊಸ ಕೆಲಸವಾದರೆ ಅದರ ಮಾತೇ ಬೇರೆ, ಎಲೆ ಅಡಿಕೆ ಇಟ್ಟು ಕರೆದರೆ ಯಾವ ಅಡ್ಡಿಯೂ ಇಲ್ಲ ಎಂದರು. ಇಷ್ಟು ಸುಲಭದ ದಾರಿ ಇದ್ದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಲು ಹೊರಟವನಿಗೆ ಅದರ ಬೆಲೆ ಹೊಳೆಯಿತು. ಬಾಕಿ ಎಂದರೆ ತಪ್ಪು ಅವರದು. ಹೊಸದು ಎಂದರೆ, ಹಾಕಿಸಿದ್ದನ್ನು ನಾನೇ ಒಡೆಸುತ್ತಿದ್ದೇನೆ, ನನ್ನ ಆಯ್ಕೆಯೇ ತಪ್ಪು ಎಂದು ಒಪ್ಪಿ ತಟ್ಟೆ ಹಿಡಿಯಬೇಕು. ಎರಡು ತಿಂಗಳು ನನಗೆ ಆ ಒಂದು ಮಾತು ಹೇಳಲು ನಾಲಿಗೆ ಹೊರಳಿರಲಿಲ್ಲ. ಪುಸ್ತಕ ತಂದು ಅವರೆದುರಿಗೇ ಮೂವತ್ತೇಳನ್ನು ಹೊಡೆದುಹಾಕಿದೆ. ವಿಮಲೆ ಎಲೆ ಅಡಿಕೆ, ತೆಂಗಿನಕಾಯಿ ತಂದಳು. ಅವರು ತಟ್ಟೆ ತೆಗೆದುಕೊಳ್ಳುತ್ತಾ, ತುಸು ಸಂಕೋಚದಿಂದಲೇ, "ವಾಟ ತೆಪ್ಪುದ್ದು ನಂದು ಮೇಷ್ಟ್ರೆ. ನುಣುಪು ನಿಮ್ದು" ಎಂದರು. ಇಷ್ಟು ನ್ಯಾಯವಾದ ತೀರ್ಪನ್ನು ನಾನು ಯಾವ ದೊಡ್ಡವರ ಬಾಯಲ್ಲೂ ಕೇಳಿಲ್ಲ.

ಸುತ್ತ ನೋಡಿದತ್ತ ಬಂಡೆಯೇ ಇರುವ ಊರಿನಲ್ಲಿ ಒಂದು ಒರಟು ಚಪ್ಪಡಿ ಕಲ್ಲಿಗೆ ಬರವೇ? ಮಾರನೆಯ ಬೆಳಿಗ್ಗೆ ಅವರು ಹಳೆಯ ಪಟ್ಟಾಪಟ್ಟಿ ಚಡ್ಡಿಯಲ್ಲಿ, ಕರಣೆ, ರಸಮಟ್ಟ, ಸುತ್ತಿಗೆಗಳೊಡನೆ ಬಂದು, ನನ್ನ ತಿಳಿನೀಲಿಯನ್ನು ಮಧ್ಯಾಹ್ನದೊಳಗೆ ಚೂರು ಮಾಡಿದರು. ಸಂಜೆಗೆ ಕಲ್ಲು ಹಾಸಿಯಾಗಿತ್ತು. ಕಲ್ಲು ಕಚ್ಚಿಕೊಳ್ಳಲು ಎಂಟು ದಿನ ಯಾರೂ ತುಳಿಯಬಾರದು ಎಂದು ಬಾಗಿಲಿಗೆ ಅಡ್ಡ ಹಲಗೆ ಇಟ್ಟು ಹೋದರು.

ಆ ಎಂಟು ದಿನವೂ ಅಕ್ಕ ನಸೀಮಾಳ ಮನೆಗೇ ಸ್ನಾನಕ್ಕೆ ಹೋದಳು. ಈ ಸಲ ಅವಳ ಚೀಲ ನನ್ನ ಕೈಯಲ್ಲಿತ್ತು, ಸೀರೆ ಮೇಲೆಯೇ ಕಾಣುತ್ತಿತ್ತು. ಅವಳು ಒಳಗಿರುವಷ್ಟು ಹೊತ್ತು ನಾನು ಜಗಲಿಯ ಮೇಲೆ ಕೂತು ನಸೀಮಾ ಕೊಟ್ಟ ಚಹಾ ಕುಡಿಯುತ್ತಿದ್ದೆ. ಬೀದಿಯಲ್ಲಿ ಹೋಗುವವರು ನಿಂತು, ಏನು ಮೇಷ್ಟ್ರೇ, ಅಷ್ಟು ದೊಡ್ಡ ಮನೆ ಕಟ್ಟಿಸಿ ಹಳೇ ಮನೆಗೆ ಬಂದಿದ್ದೀರಿ ಎಂದು ಕೇಳದೆ ಬಿಡುವವರಲ್ಲ. ಮೊದಲ ದಿನ ಹಾಗೆ ಹೀಗೆ ಎಂದು ತಡವರಿಸಿದೆ. ಎರಡನೆಯ ದಿನದಿಂದ, ನಾನು ಕಟ್ಟಿಸಿದ ಬಚ್ಚಲಲ್ಲಿ ನಮ್ಮಕ್ಕ ನಿಲ್ಲೋ ಹಾಗಿಲ್ಲ, ಒಡೆಸಿ ಕಲ್ಲು ಹಾಕಿಸಿದ್ದೇನೆ ಎಂದು ಇದ್ದದ್ದನ್ನು ಇದ್ದಹಾಗೆ ಹೇಳತೊಡಗಿದೆ. ಅಪಹಾಸ್ಯ ಮಾಡುತ್ತಾರೆಂದು ಕಾದೆ. ಕೇಳಿದವರಲ್ಲಿ ಇಬ್ಬರು ತಮ್ಮ ತಾಯಂದಿರ ಬಚ್ಚಲನ್ನು ಒಮ್ಮೆ ನೋಡಬೇಕು ಎಂದು ಹೇಳಿಕೊಂಡು ಹೋದರು.

ಒಂಬತ್ತನೆಯ ಬೆಳಿಗ್ಗೆ ಹಲಗೆ ತೆಗೆದೆ. ಅಕ್ಕ ಬಾಗಿಲ ಚೌಕಟ್ಟನ್ನು ಹಿಡಿದು ಮೊದಲು ಒಂದು ಪಾದ ಇಟ್ಟಳು, ಬೆರಳೂರಿ ನೋಡಿದಳು, ಆಮೇಲೆ ಇನ್ನೊಂದು. ಒಂದು ಚೊಂಬು ನೀರು ಸುರಿದು, ಅದು ಕಲ್ಲಿನ ಮೇಲೆ ಹರಿದು ಮೂಲೆಯ ತೂತಿನಲ್ಲಿ ಇಳಿದುಹೋಗುವವರೆಗೂ ಕಣ್ಣು ಕೀಳದೆ ನೋಡಿದಳು. ಚೌಕಟ್ಟು ಹಿಡಿದಿದ್ದ ಕೈಯನ್ನು ಬಿಟ್ಟಳು. ಹೊರಗೆ ಟವಲು ಹಿಡಿದು ನಿಂತಿದ್ದ ನನ್ನ ಕಡೆಗೆ ತಿರುಗಿ, "ನಂದು ಮುಗೀತು ಕಣೋ. ಇನ್ನು ನಿಂದೇನೇನು ಬಾಕಿ ಐತೋ ಮಾಡಿಸ್ಕೊ ಹೋಗು" ಎಂದು ಹೇಳಿ, ಟವಲು ಈಸಿಕೊಂಡು ಬಾಗಿಲು ಹಾಕಿಕೊಂಡಳು.